ಮಳೆಗಾಲದ ನೆಗಡಿ, ಫ್ಲೂ: ಇಮ್ಯೂನಿಟಿಗೆ ಮನೇಲೇ ಏನ್ಮಾಡ್ಬೋದು? ಯಾವುದು ಉಪಯೋಗ, ಯಾವುದು ಬೇಡ?

ದಾವಣಗೆರೆ ಅಮ್ಮ
ಎಲ್ರಿಗೂ ನಮಸ್ಕಾರ. ಮಗ ಈ ಜೂನಿಂದ ಎಲ್‌ಕೆಜಿ, ಸ್ಕೂಲ್ ಶುರುವಾದಾಗಿಂದ ಮೂಗು ಸೋರೋದು ನಿಂತಿಲ್ಲ. ಒಂದು ನೆಗಡಿ ಹೋಯ್ತು ಅನ್ನೋಷ್ಟ್ರಲ್ಲಿ ಇನ್ನೊಂದು ಹಿಡ್ಕೊಳುತ್ತೆ, ಅವನಿಂದ ನನಗೆ, ನನ್ನಿಂದ ಅತ್ತೆಗೆ, ಅತ್ತೆಗೆ ಶುಗರ್ ಬೇರೆ ಇದೆ ಹಂಗಾಗಿ ಅವರಿಗೆ ಕೆಮ್ಮು ಶುರುವಾದ್ರೆ ಮನೆಮಂದಿಗೆಲ್ಲ ಭಯ. ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಇಮ್ಯೂನಿಟಿ ಬೂಸ್ಟರ್ ಅಂತ ಒಂದು ಸಿರಪ್ಪು, ಗಮ್ಮಿ ಅಂತ ಒಂದು ಡಬ್ಬಿ ತೋರಿಸ್ತಾರೆ, ರೇಟು ನೋಡಿದ್ರೆ ಕೈಗೆಟುಕೋ ಹಂಗಿಲ್ಲ. ಅತ್ತೆ ದಿನಾ ಕಷಾಯ ಕುಡ್ಸು ಅಂತಾರೆ, ಪಕ್ಕದ್ಮನೆ ಆಂಟಿ ರಾತ್ರಿ ಮಲಗೋವಾಗ ಮೂಗಿಗೆ ಎರಡು ಹನಿ ಕೊಬ್ರಿ ಎಣ್ಣೆ ಬಿಡು ಅಂತಾರೆ, ಅಕ್ಕ ಸ್ಟೀಮ್ ಕೊಡು ಅಂತಾಳೆ. ನಂಗೆ ಬೇಕಾಗಿರೋದು ಇಷ್ಟೇ, ಮಕ್ಕಳಿಗೂ ದೊಡ್ಡವರಿಗೂ ಸಹಜವಾಗಿ ಶಕ್ತಿ ಬರೋ ಹಾಗೆ ಮನೇಲಿ ಏನು ಮಾಡ್ಬೋದು, ಯಾವುದು ಮಾಡ್ಲೇಬಾರ್ದು. ಗೊತ್ತಿರೋರು ದಯವಿಟ್ಟು ವಿವರವಾಗಿ ಬರೀರಿ.

ತೀರ್ಥಹಳ್ಳಿ ಕಡೆಯವಳು
ಕಷಾಯ ಖಂಡಿತ ಮಾಡಿ ಅಕ್ಕ. ನಮ್ಮಲ್ಲಿ ಮೇ ಕೊನೆಗೇ ಕಷಾಯದ ಪುಡಿ ಡಬ್ಬಿ ತುಂಬಿ ಇಟ್ಬಿಡ್ತೀವಿ, ಮಳೆ ಹಿಡಿದ್ಮೇಲೆ ಏನೂ ಒಣಗಲ್ಲ ನೋಡಿ. ಕೊತ್ತಂಬರಿ ಬೀಜ ಎರಡು ಪಾಲು, ಜೀರಿಗೆ ಒಂದು ಪಾಲು, ಕಾಳುಮೆಣಸು ಅರ್ಧ ಹಿಡಿ, ಒಣಶುಂಠಿ ಒಂದೆರಡು ತುಂಡು ಜಜ್ಜಿ, ಮೆಂತ್ಯ ಒಂದೇ ಒಂದು ಚಮಚ, ಜಾಸ್ತಿಯಾದ್ರೆ ಕಹಿಯಾಗಿ ಮಕ್ಕಳು ಬಾಯಿಗೇ ಹಾಕಲ್ಲ. ಬೇರೆ ಬೇರೆ ಹುರೀಬೇಕು, ಒಟ್ಟಿಗೆ ಹಾಕಿದ್ರೆ ಜೀರಿಗೆ ಸೀದು ಹೋಗತ್ತೆ ಕೊತ್ತಂಬರಿ ಹಸಿ ಉಳಿಯತ್ತೆ. ಕೊತ್ತಂಬರಿ ಬೆರಳಲ್ಲಿ ಒತ್ತಿದ್ರೆ ಪುಡಿಯಾಗೋ ಹದಕ್ಕೆ ಬಂದಾಗ ಇಳ್ಸಿ, ಆರಿದ್ಮೇಲೆ ತರಿತರಿ ಪುಡಿ ಮಾಡಿ. ಒಂದು ಲೋಟ ನೀರಿಗೆ ಅರ್ಧ ಚಮಚ ಪುಡಿ, ಬೆಲ್ಲ ಹಾಕಿ ಚೆನ್ನಾಗಿ ಕುದಿಸಿ ಆಮೇಲೆ ಹಾಲು ಹಾಕಿ ಸೋಸಿ ಕೊಡಿ.

ಇನ್ನು ದೊಡ್ಡಪತ್ರೆ ತಂಬುಳಿ, ಮೆಣಸಿನ ಸಾರು, ಹುರುಳಿ ಕಟ್ಟಿನ ಸಾರು ಇದೆಲ್ಲ ಮಳೆಗಾಲಕ್ಕೇ ಅಂತ ಇರೋದು. ನಮ್ಮೂರ ಕಡೆ ಶೀತ ಆದ್ರೆ ಗದ್ದೆ ಏಡಿ ಸಾರು ಮಾಡ್ತಾರೆ, ಬಿಸಿಬಿಸಿ ಸಾರು ಉಂಡ್ರೆ ಮೂಗು ಕಟ್ಟಿದ್ದು ಬಿಟ್ಕೊಳುತ್ತೆ. ಚಗಳಿ (ಕೆಂಪಿರುವೆ) ಚಟ್ನಿ ಕೂಡ ನೆಗಡಿಗೆ ಅಂತಲೇ ತಿನ್ನೋ ಮನೆಗಳು ಇವತ್ತಿಗೂ ಇವೆ.

ಮಕ್ಕಳ ವೈದ್ಯೆ
ದಾವಣಗೆರೆ ಅಮ್ಮ, ಮೊದಲು ಒಂದು ಸಮಾಧಾನದ ಮಾತು. ನೆಗಡಿ ತರೋ ವೈರಸ್‌ಗಳು 200ಕ್ಕೂ ಜಾಸ್ತಿ ಇವೆ, ಅದರಲ್ಲಿ ರೈನೋವೈರಸ್ ಅನ್ನೋದೇ ದೊಡ್ಡ ಗುಂಪು. ಸ್ಕೂಲಿಗೆ ಹೊಸದಾಗಿ ಹೋಗೋ ಮಗುಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಬರೋದು ಮಾಮೂಲಿ, ಅದರಲ್ಲಿ ಹೆಚ್ಚಿನವು ಮಳೆ-ಚಳಿ ತಿಂಗಳುಗಳಲ್ಲೇ ಬರೋದ್ರಿಂದ ಬಿಡುವೇ ಇಲ್ಲ ಅನ್ಸುತ್ತೆ. ಇದು ನಿಮ್ಮ ಮಗನ ಇಮ್ಯೂನಿಟಿ ಕಮ್ಮಿ ಇದೆ ಅನ್ನೋದಕ್ಕೆ ಸಾಕ್ಷಿ ಅಲ್ಲ, ಒಂದೊಂದು ವೈರಸ್ಸನ್ನ ಅವನ ದೇಹ ಒಂದೊಂದಾಗಿ ಗುರುತು ಹಿಡಿದು ಕಲೀತಾ ಇದೆ. ಊಟ ಮಾಡ್ತಾನೆ, ಆಡ್ತಾನೆ, ತೂಕ ಏರ್ತಾ ಇದೆ ಅಂದ್ರೆ ನೀವು ಸಿರಪ್ಪಿಗೂ ಗಮ್ಮಿಗೂ ಒಂದು ರೂಪಾಯಿ ಹಾಕ್ಬೇಡಿ.

ಬೂಸ್ಟರ್ ಅನ್ನೋ ಮಾತೇ ನಂಗೆ ಇಷ್ಟ ಆಗಲ್ಲ. ನೆಗಡೀಲಿ ಮೂಗು ಸೋರೋದು, ಗಂಟಲು ಊದೋದು, ಜ್ವರ ಏರೋದು ಹೆಚ್ಚಿನಂಶ ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಮಾಡೋ ಕೆಲಸವೇ. ಅದು ಅಗತ್ಯಕ್ಕಿಂತ ಜಾಸ್ತಿ ಕೆಲಸ ಮಾಡಿದ್ರೆ ಅದಕ್ಕೆ ಅಲರ್ಜಿ, ಅಸ್ತಮಾ ಅಂತ ಹೆಸರು. ಹಾಗಾಗಿ ಏರಿಸೋದು ಬೇಡ, ಕೊರತೆ ಆಗದ ಹಾಗೆ ನೋಡ್ಕೊಳ್ಳೋಣ. ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ, ಹೊಗೆ ಇಲ್ಲದ ಮನೆ, ಲಸಿಕೆ, ಕೈ ತೊಳೆಯೋದು.

ಈಗ ಮಾಡ್ಲೇಬಾರ್ದು ಅನ್ನೋದನ್ನ ಹೇಳ್ತೀನಿ, ದಯವಿಟ್ಟು ಮನೆಯ ಹಿರಿಯರಿಗೂ ಓದಿ ಹೇಳಿ.

ಮೂಗಿಗೆ ಎಣ್ಣೆ ಬಿಡ್ಬೇಡಿ. ಕೊಬ್ರಿ ಎಣ್ಣೆ, ಹರಳೆಣ್ಣೆ, ತುಪ್ಪ ಯಾವುದೇ ಆಗ್ಲಿ, ಮಗು ಮಲಗಿದ್ದಾಗ ಮೂಗಿಂದ ಶ್ವಾಸಕೋಶಕ್ಕೆ ಇಳೀಬಹುದು. ಎಣ್ಣೆ ಅಲ್ಲಿಗೆ ಹೋದ್ರೆ ಕೆಮ್ಮಿ ಹೊರಗೆ ಹಾಕೋಕಾಗಲ್ಲ, ಅಲ್ಲೇ ಕೂತು ಲಿಪಾಯ್ಡ್ ನ್ಯುಮೋನಿಯಾ ಆಗುತ್ತೆ, ಆ್ಯಂಟಿಬಯೋಟಿಕ್ ಕೊಟ್ರೂ ಬಗ್ಗಲ್ಲ. ಎಣ್ಣೆ ಸ್ನಾನ ಮಾಡಿಸೋವಾಗ ಹಸುಗೂಸಿನ ಮೂಗು ಬಾಯಿಗೆ ಎಣ್ಣೆ ಹಾಕಿ ಊದೋ ಪದ್ಧತಿ ಕೂಡ ಇದೇ ಕಾರಣಕ್ಕೆ ಅಪಾಯ. ಒಂದು ವರ್ಷ ತುಂಬೋವರೆಗೂ ಜೇನುತುಪ್ಪ ನೆಕ್ಕಿಸ್ಬೇಡಿ, ಅದರಲ್ಲಿ ಬಾಟುಲಿಸಂ ರೋಗಾಣುವಿನ ಬೀಜಕಣ ಇರಬಹುದು, ಹಸುಗೂಸಿನ ಕರುಳಲ್ಲಿ ಅದು ಬೆಳೆದು ವಿಷ ಬಿಡುತ್ತೆ. ಕರ್ಪೂರ ಕರಗಿಸಿದ ಎಣ್ಣೆ ಎಳೆಮಕ್ಕಳ ಎದೆಗೆ ಮೂಗಿಗೆ ಹಚ್ಬೇಡಿ, ಕರ್ಪೂರ ಮೈಗೆ ಸೇರಿದ್ರೆ ಫಿಟ್ಸ್ ಬರುತ್ತೆ, ಡಬ್ಬೀನ ಕೈಗೆ ಸಿಗದ ಹಾಗೆ ಇಡಿ. ಬಿಸಿನೀರಿನ ಪಾತ್ರೆ ಮುಂದೆ ಮಗೂನ ಕೂರಿಸಿ ಸ್ಟೀಮ್ ಬೇಡವೇ ಬೇಡ, ನೆಗಡಿ ಅದರಿಂದ ಬೇಗ ಹೋಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ, ಪಾತ್ರೆ ಮಗುಚಿ ತೊಡೆ ಹೊಟ್ಟೆ ಸುಟ್ಕೊಂಡು ಬರೋ ಮಕ್ಕಳನ್ನ ನಾವು ನೋಡ್ತಾನೇ ಇರ್ತೀವಿ.

ಮೂಗು ಕಟ್ಟಿದ್ರೆ ಸಲೈನ್ ಡ್ರಾಪ್ಸ್ ಸಾಕು, ಬರೀ ಉಪ್ಪುನೀರು. ಸ್ಕಾಟ್ಲೆಂಡಲ್ಲಿ 6 ವರ್ಷದೊಳಗಿನ ನಾನೂರು ಚಿಲ್ಲರೆ ಮಕ್ಕಳ ಮೇಲೆ ಮಾಡಿದ ಅಧ್ಯಯನ 2024ರಲ್ಲಿ ಮಂಡನೆ ಆಯ್ತು, ಉಪ್ಪುನೀರಿನ ಹನಿ ಹಾಕಿದ ಮಕ್ಕಳಿಗೆ ನೆಗಡಿ ಸರಾಸರಿ 6 ದಿನ ಇತ್ತು, ಹಾಕದವರಿಗೆ 8 ದಿನ, ಮನೆಯ ಬೇರೆಯವರಿಗೆ ಹರಡಿದ್ದೂ ಕಮ್ಮಿ.

ಹುಬ್ಬಳ್ಳಿ ಮಂದಿ
ಡಾಕ್ಟರ್ ಮೇಡಂ ಹೇಳಿದ್ದು ಖರೇ ಐತ್ರಿ. ನಮ್ಮ ಕಡೆ ಒಂದು ಮಾತು ಸೇರಸ್ತೀನಿ, ಊಟದ್ದು. ವಿಟಮಿನ್ ಸಿ ಅಂದ್ರ ಮಂದಿ ಕಿತ್ತಳೆಹಣ್ಣ ನೆನಸ್ಕೊತಾರ, ಇಲ್ಲಾಂದ್ರ ಗುಳಿಗಿ. ನೆಲ್ಲಿಕಾಯಿ, ಪ್ಯಾರಲಹಣ್ಣಿನ್ಯಾಗ (ಸೀಬೆಹಣ್ಣು) ನೂರು ಗ್ರಾಂಗೆ 200 ಮಿಲಿಗ್ರಾಂಗಿಂತ ಜಾಸ್ತಿ ಐತಿ, ಕಿತ್ತಳ್ಯಾಗ ಇರೋದು ಅದರ ಕಾಲುಭಾಗದ ಆಸುಪಾಸು. ದೊಡ್ಡವರಿಗೆ ದಿನಕ್ಕ ಬೇಕಾಗೋದ ಸುಮಾರು 65ರಿಂದ 80 ಮಿಲಿಗ್ರಾಂ, ಅಂದ್ರ ಒಂದು ಸಣ್ಣ ಪ್ಯಾರಲಹಣ್ಣ ತಿಂದ್ರ ಮುಗೀತ್ರಿ. ಸಂತ್ಯಾಗ ಹತ್ತಿಪ್ಪತ್ತು ರೂಪಾಯಿಗೆ ಸಿಗೋದನ್ನ ಬಿಟ್ಟು ಡಬ್ಬಿ ಯಾಕ ತರಬೇಕು? ಆದ್ರ ಅದನ್ನ ಕುದಿಸಿ ಬೇಯಿಸಿ ಇಡಬ್ಯಾಡ್ರಿ, ಬಿಸಿಗೆ ವಿಟಮಿನ್ ಸಿ ಹೋಗತೈತಿ. ನಿಂಬೆಹಣ್ಣನೂ ಸಾರು ಇಳಿಸಿದ ಮ್ಯಾಲೇ ಹಿಂಡ್ರಿ.

ಮತ್ತ ಬ್ಯಾಳಿ, ಕಾಳು, ತತ್ತಿ. ಮಳಿಗಾಲದಾಗ ಮಕ್ಕಳು ಬರೀ ಬಜಿ, ಚುರುಮುರಿ, ಬಿಸ್ಕೀಟ್ ತಿಂದು ಹೊಟ್ಟಿ ತುಂಬಿಸ್ಕೊತಾವ. ಹೆಸರಕಾಳ ಉಸುಳಿ, ಜ್ವಾಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮ್ಯಾಲೊಂದಿಷ್ಟು ಮೊಸರು, ಇದರಾಗ ಇಲ್ಲದ್ದು ಯಾವ ಬೂಸ್ಟರಿನ್ಯಾಗ ಐತ್ರಿ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಾಗ 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕ 67 ಮಕ್ಕಳಿಗೆ ರಕ್ತ ಕಮ್ಮಿ ಐತಿ. ಮೈಯಾಗ ರಕ್ತನ ಇಲ್ಲಂದ ಮ್ಯಾಲ ರೋಗದ ಜೋಡಿ ಏನ್ ಹೊಡದಾಡ್ತಾವ ಆ ಕೂಸುಗಳು. ಶಾಲ್ಯಾಗ ತತ್ತಿ ಕೊಟ್ರ ತಿನ್ನಾಕ ಬಿಡ್ರಿ, ಕಬ್ಬಿಣದ ಗುಳಿಗಿ ಕೊಟ್ರ ನುಂಗಿಸ್ರಿ.

ಬೆಂಗಳೂರು ಬಸವನಗುಡಿ
ವಿಟಮಿನ್ ಸಿ ಮಾತ್ರೆ ನಾನು ನೆಗಡಿ ಬರೋ ಹಾಗಿದ್ದಾಗೆಲ್ಲ ಚೀಪ್ತೀನಿ, ಅದು ವರ್ಕ್ ಆಗಲ್ವಾ ಹಾಗಾದ್ರೆ?

ಮಕ್ಕಳ ವೈದ್ಯೆ
ನೆಗಡಿ ಶುರುವಾದ್ಮೇಲೆ ತಗೊಂಡ್ರೆ ನಂಬೋ ಅಂಥ ಉಪಯೋಗ ಕಂಡಿಲ್ಲ. ದಿನಾ ತಪ್ಪದೆ ತಗೊಂಡವರಲ್ಲೂ ಬರೋ ನೆಗಡಿಗಳ ಸಂಖ್ಯೆ ಕಮ್ಮಿ ಆಗ್ಲಿಲ್ಲ, ಬಂದ ನೆಗಡಿ ಮಾತ್ರ ದೊಡ್ಡವರಲ್ಲಿ ನೂರಕ್ಕೆ 8ರಷ್ಟು, ಮಕ್ಕಳಲ್ಲಿ 14ರಷ್ಟು ಬೇಗ ಹೋಯ್ತು ಅಂತ 2013ರ ಕಾಕ್ರೇನ್ ಪರಿಶೀಲನೆ, ಅಂದ್ರೆ ಹಲವಾರು ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡಿದ ವರದಿ, ಹೇಳುತ್ತೆ. ಲೆಕ್ಕ ಹಾಕಿ, ಒಂದು ವಾರದ ನೆಗಡೀಲಿ ಅರ್ಧ ದಿನದಿಂದ ಒಂದು ದಿನ. ಮ್ಯಾರಥಾನ್ ಓಡೋರು, ಕೊರೆಯೋ ಚಳೀಲಿ ಕಸರತ್ತು ಮಾಡೋ ಸೈನಿಕರು ಇಂಥೋರಲ್ಲಿ ಮಾತ್ರ ನೆಗಡಿ ಬರೋದೇ ಅರ್ಧಕ್ಕೆ ಇಳಿದಿತ್ತು. ನಮ್ಮ ನಿಮ್ಮಂಥೋರಿಗೆ ಹುಬ್ಬಳ್ಳಿಯವರು ಹೇಳಿದ ಸೀಬೆಹಣ್ಣೇ ಸಾಕು.

ಮಿನೆಸೋಟ ಕನ್ನಡಿಗ
ಇಲ್ಲಿ ನಮ್ಮ ಕನ್ನಡ ಕುಟುಂಬಗಳಲ್ಲಿ ಅಕ್ಟೋಬರ್ ಬಂತು ಅಂದ್ರೆ ಇದೇ ಮಾತುಕತೆ ಶುರು. ನವೆಂಬರ್‌ನಿಂದ ಫೆಬ್ರವರಿ ತನಕ ಇಲ್ಲಿ ಬಿಸಿಲು ಇದ್ರೂ ಅದು ಓರೆಯಾಗಿ ಬೀಳೋದ್ರಿಂದ ಚರ್ಮದಲ್ಲಿ ವಿಟಮಿನ್ ಡಿ ಆಗಲ್ಲ, ಅದೂ ನಮ್ಮ ಬಣ್ಣದ ಚರ್ಮಕ್ಕೆ ಇನ್ನೂ ಜಾಸ್ತಿ ಹೊತ್ತು ಬೇಕು. ನಾವು ಬ್ಲಡ್ ಟೆಸ್ಟ್ ಮಾಡಿಸಿ, ಕಮ್ಮಿ ಇದ್ರೆ ಡಾಕ್ಟರ್ ಹೇಳಿದ ಡೋಸ್ ತಗೋತೀವಿ. 2017ರಲ್ಲಿ 25 ಟ್ರಯಲ್‌ಗಳನ್ನ ಒಟ್ಟಿಗೆ ಸೇರಿಸಿ ನೋಡಿದಾಗ ಕೊರತೆ ಜಾಸ್ತಿ ಇದ್ದೋರಿಗೆ ದಿನವೋ ವಾರಕ್ಕೊಮ್ಮೆಯೋ ಸಣ್ಣ ಡೋಸ್ ತಗೊಂಡ್ರೆ ಶ್ವಾಸದ ಸೋಂಕು ಕಮ್ಮಿ ಆಗಿತ್ತು, ಆದ್ರೆ ಆಮೇಲೆ ಇನ್ನಷ್ಟು ದೊಡ್ಡ ಟ್ರಯಲ್‌ಗಳು ಸೇರಿದ ಹಾಗೆ ಆ ಲಾಭ ತೆಳುವಾಗ್ತಾ ಬಂತು. ಹಾಗಾಗಿ ಕೊರತೆ ಇದ್ರೆ ಸರಿ ಮಾಡ್ಕೊಳಿ, ಇಲ್ಲದಿದ್ರೆ ಸುಮ್ನೆ ನುಂಗ್ಬೇಡಿ, ಜಾಸ್ತಿಯಾದ್ರೆ ಕಿಡ್ನಿಗೆ ತೊಂದರೆ.

ನಾನು ಎಲ್ರಿಗೂ ಒತ್ತಿ ಹೇಳೋದು ನಿದ್ದೆ ಬಗ್ಗೆ. ಕಾರ್ನೆಗಿ ಮೆಲನ್ ಯೂನಿವರ್ಸಿಟಿಯ ತಂಡ 2009ರಲ್ಲಿ ಆರೋಗ್ಯವಾಗಿದ್ದ 153 ಜನರ ಮೂಗಿಗೆ ಬೇಕಂತಲೇ ನೆಗಡಿ ವೈರಸ್ ಬಿಟ್ಟು ನೋಡಿತು. ಅದಕ್ಕೆ ಮುಂಚೆ ಎರಡು ವಾರ ಅವರು ಎಷ್ಟು ನಿದ್ದೆ ಮಾಡಿದ್ರು ಅಂತ ಬರ್ಕೊಂಡಿದ್ರು. 7 ಗಂಟೆಗಿಂತ ಕಮ್ಮಿ ಮಲಗಿದವರಿಗೆ, 8 ಗಂಟೆ ಅಥವಾ ಜಾಸ್ತಿ ಮಲಗಿದವರಿಗೆ ಹೋಲಿಸಿದ್ರೆ, ನೆಗಡಿ ಬರೋ ಸಾಧ್ಯತೆ ಸುಮಾರು ಮೂರು ಪಟ್ಟು! ವೈರಸ್ ಎಲ್ಲರ ಮೂಗಿಗೂ ಒಂದೇ ಥರ ಹೋಗಿತ್ತು, ದೇಹ ಅದನ್ನ ನಿಭಾಯಿಸಿದ ರೀತಿ ಬೇರೆ ಆಯ್ತು. ಯಾವ ಪುಡಿ, ಯಾವ ಲೇಹ್ಯಕ್ಕೂ ಇಷ್ಟು ದೊಡ್ಡ ವ್ಯತ್ಯಾಸ ತೋರ್ಸೋಕೆ ಆಗಿದ್ದು ನಾನು ಓದಿಲ್ಲ. ಐಟಿಯವರು ರಾತ್ರಿ ಒಂದು ಗಂಟೆ ತನಕ ಕಾಲ್ ಮಾಡಿ ಬೆಳಿಗ್ಗೆ ಶುಂಠಿ ಟೀ ಕುಡಿದ್ರೆ ಏನು ಬಂತು ಹೇಳಿ. ಮಕ್ಕಳನ್ನ ಒಂಬತ್ತು ಒಂಬತ್ತೂವರೆಗೆ ಮಲಗ್ಸಿ, ಮೊಬೈಲ್ ಬೇರೆ ರೂಮಲ್ಲಿ ಇಡಿ, ಖರ್ಚಿಲ್ಲದ ಕೆಲಸ.

ಮಂಗಳೂರು ಕರಾವಳಿ
ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಟ್ಟು ಬೇರೆ ಉಂಟಾ ಮಾರಾಯ್ರೆ. ಮಳೇಲಿ ನೆಂದ್ರೆ ಶೀತ ಆಗ್ತದೆ ಅಂತ ಅಮ್ಮ ಬೈತಾರೆ, ವೈರಸ್ ಇಲ್ಲದೆ ಹೇಗೆ ಆಗ್ತದೆ ಅಂತ ಮಕ್ಕಳು ವಾದ ಮಾಡ್ತಾರೆ. ಇಬ್ಬರ ಮಾತಿನಲ್ಲೂ ಸತ್ಯ ಉಂಟು. ಬ್ರಿಟನ್ನಿನ ಕಾರ್ಡಿಫಲ್ಲಿ 2005ರಲ್ಲಿ 90 ಜನರ ಕಾಲನ್ನ 20 ನಿಮಿಷ ತಣ್ಣೀರಲ್ಲಿ ಇಡಿಸಿದ್ರು, ಇನ್ನು 90 ಜನರದ್ದು ಖಾಲಿ ಬಟ್ಟಲಲ್ಲಿ. ನಾಲ್ಕೈದು ದಿನದೊಳಗೆ ತಣ್ಣೀರಿನವರಲ್ಲಿ 13 ಜನಕ್ಕೆ, ಖಾಲಿ ಬಟ್ಟಲಿನವರಲ್ಲಿ 5 ಜನಕ್ಕೆ ನೆಗಡಿ ಆಯ್ತು ಅಂತ ಅವರೇ ಹೇಳಿದ್ದು. ಮೈ ತಣ್ಣಗಾದಾಗ ಮೂಗಿನ ರಕ್ತನಾಳ ಕುಗ್ಗಿ, ಆಗ್ಲೇ ಒಳಗೆ ಕೂತಿದ್ದ ವೈರಸ್ಸಿಗೆ ದಾರಿ ಆಗ್ತದೆ ಅಂತ ಅವರ ಊಹೆ. ಹಾಗಾಗಿ ನೆಂದು ಬಂದ ಮಕ್ಕಳ ತಲೆ ಒರೆಸಿ, ಒಣ ಬಟ್ಟೆ ಹಾಕಿಸೋದು ತಪ್ಪಲ್ಲ. ಆದ್ರೆ ಅದಕ್ಕಿಂತ ದೊಡ್ಡ ಕಾರಣ ಮಳೆಗೆ ಕಿಟಕಿ ಬಾಗಿಲು ಎಲ್ಲ ಮುಚ್ಚಿ ಒಬ್ಬರ ಉಸಿರು ಒಬ್ಬರು ಎಳ್ಕೊಂಡು ಕೂತಿರೋದು. ಬಸ್ಸಿನಲ್ಲೂ ಹಾಗೇ, ಟರ್ಪಾಲು ಇಳಿಸಿ, ಗಾಜು ಎಳೆದು. ಮನೇಲಿ ಇರಚಲು ಬಾರದ ಕಡೆ ಒಂದು ಕಿಟಕಿ ಆದ್ರೂ ತೆಗೆದಿಡಿ.

ಗಂಟಲಿಗೆ ನೀರು ಮುಕ್ಕಳಿಸೋದು ಒಳ್ಳೆ ಅಭ್ಯಾಸ. ಜಪಾನಲ್ಲಿ ಇದು ಮನೆಮನೆಯ ಪದ್ಧತಿ, ಅಲ್ಲಿ 387 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ದಿನಾ ಬರೀ ನೀರಲ್ಲಿ ಮುಕ್ಕಳಿಸಿದವರಿಗೆ ಶ್ವಾಸದ ಸೋಂಕು ಮೂರನೇ ಒಂದು ಭಾಗದಷ್ಟು ಕಮ್ಮಿ ಆಯ್ತು, ಅಯೋಡಿನ್ ಔಷಧಿ ಹಾಕಿ ಮುಕ್ಕಳಿಸಿದವರಿಗೆ ಹಾಗೆ ಆಗ್ಲಿಲ್ಲ. ಹೊರಗಿಂದ ಬಂದ ಕೂಡ್ಲೇ ಕೈಕಾಲು ತೊಳೆದು ಬಾಯಿ ಮುಕ್ಕಳಿಸಿ ಒಳಗೆ ಬರ್ಬೇಕು ಅಂತ ನಮ್ಮ ಹಿರಿಯರ ಕಟ್ಟುನಿಟ್ಟು ಇತ್ತಲ್ಲ, ಅದನ್ನ ಮತ್ತೆ ತನ್ನಿ.

ತುಮಕೂರು ಅಜ್ಜ
ನನಗೆ 71 ವರ್ಷ. ನಮ್ಮ ತಾಯಿ ಒಂದು ಮಾತ್ರೆ ನುಂಗದೆ ಬರೀ ಕಷಾಯ, ರಾಗಿ ಅಂಬಲಿ, ಬೆಳ್ಳುಳ್ಳಿ ಸಾರಲ್ಲೇ ತೊಂಬತ್ತು ವರ್ಷ ಬದುಕಿದ್ರು. ನೀವೆಲ್ಲ ಅಧ್ಯಯನ, ಟ್ರಯಲ್ ಅಂತೀರಿ, ನಮ್ಮ ಅಡುಗೆಮನೆ ಔಷಧಿಗೆ ಬೆಲೆ ಇಲ್ಲ ಅನ್ನೋ ಹಾಗೆ ಮಾತಾಡ್ಬೇಡಿ. ಅಮೃತಬಳ್ಳಿ ಕಷಾಯ ಕೋವಿಡ್ ಟೈಮಲ್ಲಿ ಊರಿಗೂರೇ ಕುಡೀತು.

ಆಯುರ್ವೇದ ವೈದ್ಯೆ, ಉಡುಪಿ
ಅಜ್ಜ, ಬೆಲೆ ಖಂಡಿತ ಇದೆ. ಮಳೆಗಾಲದಲ್ಲಿ ಜಠರಾಗ್ನಿ ಮಂದ ಆಗಿರುತ್ತೆ, ಹಾಗಾಗಿ ಬಿಸಿಯಾಗಿ, ಹಗುರವಾಗಿ, ಸ್ವಲ್ಪ ಖಾರ-ಹುಳಿ ಇರೋ ಊಟ ಮಾಡಿ ಅಂತ ನಮ್ಮ ಋತುಚರ್ಯೆ, ಅಂದ್ರೆ ಆಯಾ ಕಾಲಕ್ಕೆ ತಕ್ಕ ಊಟ-ದಿನಚರಿಯ ನಿಯಮ, ಹೇಳೋದು, ಮೆಣಸಿನ ಸಾರು, ಗಂಜಿ ಎಲ್ಲ ಅದೇ ಲೆಕ್ಕದಲ್ಲಿ ಬಂದಿದ್ದು. ಆದ್ರೆ ಅಡುಗೆಯ ಪ್ರಮಾಣದಲ್ಲಿ ಹಾಕೋ ಶುಂಠಿ ಜೀರಿಗೆ ಬೇರೆ, ಔಷಧಿಯ ಪ್ರಮಾಣದಲ್ಲಿ ಕುಡಿಯೋ ಗಿಡಮೂಲಿಕೆ ಬೇರೆ. ಎರಡನೆಯದಕ್ಕೆ ಪಥ್ಯ, ಅವಧಿ, ವ್ಯಕ್ತಿಯ ಪ್ರಕೃತಿ ಎಲ್ಲ ನೋಡ್ಬೇಕು, ತಿಂಗಳುಗಟ್ಟಲೆ ಇಡೀ ಮನೆ ಕುಡಿಯೋಕೆ ಯಾವ ಶಾಸ್ತ್ರದಲ್ಲೂ ಹೇಳಿಲ್ಲ.

ಅಮೃತಬಳ್ಳಿ ವಿಷಯ ಬಂತಲ್ಲ. 2021ರಲ್ಲಿ ಮುಂಬೈನ ಲಿವರ್ ವೈದ್ಯರು, ಅದನ್ನ ದಿನಾ ಕುಡಿದು ಕಾಮಾಲೆ ಥರ ಲಿವರ್ ಪೆಟ್ಟಾದ 6 ಜನರ ಬಗ್ಗೆ ವರದಿ ಬರೆದ್ರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇರಬಹುದು, ಗಿಡವನ್ನ ಸರಿಯಾಗಿ ಗುರುತಿಸಿಲ್ಲ ಅಂತು. ಮರುವರ್ಷ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವರದಿ ಬಂತು. ನಾನು ಆ ಬಳ್ಳಿಯನ್ನ ಈಗಲೂ ಕೊಡ್ತೀನಿ, ಆದ್ರೆ ಲಿವರ್ ತೊಂದರೆ ಇದ್ದೋರಿಗೆ, ಥೈರಾಯ್ಡು-ಸಂಧಿವಾತದಂಥ ಆಟೋಇಮ್ಯೂನ್ (ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೇ ತಿರುಗಿಬೀಳೋ) ಕಾಯಿಲೆ ಇದ್ದೋರಿಗೆ ಕೊಡಲ್ಲ, ಬೇಲಿ ಮೇಲಿಂದ ಕಿತ್ತು ತಂದದ್ದನ್ನ ನೋಡದೆ ಕೊಡೋದಿಲ್ಲ. ಜ್ಯೇಷ್ಠಮಧು ಕೂಡ ಹಾಗೇ, ಗಂಟಲಿಗೆ ಹಿತ, ಆದ್ರೆ ವಾರಗಟ್ಟಲೆ ಜಾಸ್ತಿ ತಗೊಂಡ್ರೆ ಬಿಪಿ ಏರುತ್ತೆ, ಪೊಟ್ಯಾಶಿಯಂ ಇಳಿಯುತ್ತೆ. ಬಿಪಿ ಮಾತ್ರೆ ತಗೊಳ್ಳೋ ಹಿರಿಯರು ಕಷಾಯಕ್ಕೆ ಅದನ್ನ ಹಾಕ್ಬೇಡಿ.

ತೀರ್ಥಹಳ್ಳಿ ಕಡೆಯವಳು
ಅರಿಶಿನದ ಹಾಲು ಹೇಗೆ ಮೇಡಂ? ನಾವು ಕಾಳುಮೆಣಸು ಕುಟ್ಟಿ ಹಾಕಿ ಕೊಡ್ತೀವಿ.

ಆಯುರ್ವೇದ ವೈದ್ಯೆ, ಉಡುಪಿ
ಮೆಣಸು ಹಾಕೋದು ಬಹಳ ಒಳ್ಳೇದು. ಅರಿಶಿನದ ಕರ್ಕ್ಯುಮಿನ್ ಒಂದೇ ಹೋದ್ರೆ ಮೈಗೆ ಹತ್ತೋದು ತುಂಬ ಕಮ್ಮಿ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಎರಡು ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದ್ರೆ ಮೆಣಸಿನ ಖಾರದ ಅಂಶ, ಕೊಟ್ಟು ನೋಡಿದಾಗ ರಕ್ತಕ್ಕೆ ಸೇರೋದು ಸುಮಾರು ಇಪ್ಪತ್ತು ಪಟ್ಟು ಜಾಸ್ತಿ ಆಯ್ತು. ಆದ್ರೆ ನಾವು ಹಾಲಿಗೆ ಹಾಕೋ ಅರ್ಧ ಚಮಚ ಅರಿಶಿನದಲ್ಲಿ ಅಷ್ಟು ಕರ್ಕ್ಯುಮಿನ್ ಇರಲ್ಲ, ಅದು ನೆಗಡಿ ತಡೆಯುತ್ತೆ ಅಂತ ನಾನು ಹೇಳಲ್ಲ. ರಾತ್ರಿ ಬಿಸಿ ಹಾಲು ಕುಡಿದ್ರೆ ಗಂಟಲು ಕೆರೆತಕ್ಕೆ ಹಾಯಾಗಿ ನಿದ್ದೆ ಬರುತ್ತೆ, ಆ ನಿದ್ದೆಯೇ ಔಷಧಿ.

ದಾವಣಗೆರೆ ಅಮ್ಮ
ಎಷ್ಟೊಂದು ವಿಷಯ ಹೇಳಿದ್ರಿ ಎಲ್ಲ. ಮೂಗಿಗೆ ಎಣ್ಣೆ ಹಾಕೋದು ಇವತ್ತಿಂದ್ಲೇ ಬೇಡ ಅಂತ ಅತ್ತೆಗೂ ಹೇಳ್ದೆ, ಅವರೂ ಓದಿಸ್ಕೊಂಡು ಒಪ್ಕೊಂಡ್ರು. ಇನ್ನೆರಡು ಡೌಟು. ಮೊಸರು ಬಾಳೆಹಣ್ಣು ಮಳೆಗಾಲದಲ್ಲಿ ಕೊಡ್ಬೋದಾ? ಆಮೇಲೆ ಅತ್ತೆಗೆ ಶುಗರ್ ಇರೋದ್ರಿಂದ ಕಷಾಯಕ್ಕೆ ಬೆಲ್ಲ ಹಾಕ್ಬೋದಾ, ಚ್ಯವನಪ್ರಾಶ ಕೊಡ್ಬೋದಾ?

ಮಕ್ಕಳ ವೈದ್ಯೆ
ಮೊಸರು, ಬಾಳೆಹಣ್ಣು ಎರಡೂ ಕೊಡಿ, ಅದರಿಂದ ನೆಗಡಿ ಬರಲ್ಲ. ಫ್ರಿಜ್ಜಿಂದ ತೆಗೆದ ತಕ್ಷಣ ಕೊಡೋದು ಬೇಡ ಅನ್ಸಿದ್ರೆ ಹೊರಗಿಟ್ಟು ಕೊಡಿ. ಅತ್ತೆಯವರಿಗೆ ಬೆಲ್ಲ ಬೇಡ, ಸಕ್ಕರೆ ಏರಿಸೋದರಲ್ಲಿ ಬೆಲ್ಲಕ್ಕೂ ಸಕ್ಕರೆಗೂ ದೊಡ್ಡ ವ್ಯತ್ಯಾಸ ಇಲ್ಲ, ಚ್ಯವನಪ್ರಾಶದಲ್ಲೂ ಸಕ್ಕರೆ ಪಾಕವೇ ಜಾಸ್ತಿ. ಕಷಾಯ ಸಪ್ಪೆಯಾಗೇ ಕುಡೀಲಿ.

ಅವರಿಗೆ ನಾನು ಹೇಳೋ ಮುಖ್ಯ ವಿಷಯ ಫ್ಲೂ ಲಸಿಕೆ. ನೆಗಡಿ ಬೇರೆ, ಫ್ಲೂ ಬೇರೆ. ನೆಗಡಿ ಮೆಲ್ಲಗೆ ಮೂಗಿಂದ ಶುರುವಾಗುತ್ತೆ, ಫ್ಲೂ ಬೆಳಿಗ್ಗೆ ಸರಿಯಿದ್ದೋರನ್ನ ಸಂಜೆಗೆ ಹಾಸಿಗೆಗೆ ಕೆಡವುತ್ತೆ, ಜೋರು ಜ್ವರ, ಮೈಕೈ ನೋವು, ಒಣ ಕೆಮ್ಮು. 2023ರ ಮಾರ್ಚಲ್ಲಿ ಹಾಸನ ಜಿಲ್ಲೆಯ 82 ವರ್ಷದ ಹಿರಿಯರೊಬ್ಬರು ಎಚ್‌3ಎನ್‌2 ಫ್ಲೂನಿಂದ ತೀರ್ಕೊಂಡಿದ್ದು ನಿಮಗೆಲ್ಲ ನೆನಪಿರಬಹುದು, ಅವರಿಗೂ ಶುಗರ್, ಬಿಪಿ ಇತ್ತು. ಡಯಾಬಿಟಿಸ್, ಅಸ್ತಮಾ, ಹೃದಯದ ತೊಂದರೆ ಇದ್ದೋರು, 65 ದಾಟಿದೋರು, ಗರ್ಭಿಣಿಯರು, 6 ತಿಂಗಳಿಂದ 5 ವರ್ಷದ ತನಕದ ಮಕ್ಕಳು ವರ್ಷಕ್ಕೊಮ್ಮೆ ಹಾಕಿಸ್ಕೊಳ್ಳೋದು ಒಳ್ಳೇದು, ಮಕ್ಕಳಿಗೆ ಈ ಲಸಿಕೆ ಮೊದಲ ಸಲ ಹಾಕಿಸೋ ವರ್ಷ ಮಾತ್ರ ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್. ಸರ್ಕಾರದ ಉಚಿತ ಲಸಿಕೆ ಪಟ್ಟೀಲಿ ಇದು ಇಲ್ಲ, ದುಡ್ಡು ಕೊಟ್ಟೇ ಹಾಕಿಸ್ಬೇಕು. ನಮ್ಮ ಕಡೆ ಫ್ಲೂ ಮಳೆಗಾಲದಲ್ಲಿ ಒಂದ್ಸಲ, ಜನವರಿ-ಮಾರ್ಚಲ್ಲಿ ಇನ್ನೊಂದ್ಸಲ ಏರುತ್ತೆ, ಹಾಗಾಗಿ ಏಪ್ರಿಲ್-ಮೇ ಒಳ್ಳೆ ಸಮಯ, ಆದ್ರೆ ಈಗ ಹಾಕಿಸಿದ್ರೂ ತಡವಲ್ಲ, ಎರಡು ವಾರಕ್ಕೆ ರಕ್ಷಣೆ ಬರುತ್ತೆ.

ತುಮಕೂರು ಅಜ್ಜ
ಕೇಳಿದ್ದು ಸಹಜವಾದ ದಾರಿ, ನೀವು ಇಂಜೆಕ್ಷನ್ ಹೇಳ್ತಿದೀರಲ್ಲ ಡಾಕ್ಟ್ರಮ್ಮ?

ಮಕ್ಕಳ ವೈದ್ಯೆ
ಅಜ್ಜ, ಇಂಜೆಕ್ಷನ್ನಲ್ಲಿ ಇರೋದು ಸತ್ತ ವೈರಸ್ಸಿನ ಚೂರುಗಳು ಅಷ್ಟೇ. ಅದನ್ನ ನೋಡಿ ಆ್ಯಂಟಿಬಾಡಿ ತಯಾರು ಮಾಡೋದು, ನೆನಪಿಟ್ಕೊಳ್ಳೋದು ಎಲ್ಲ ನಿಮ್ಮದೇ ದೇಹ. ಇಮ್ಯೂನಿಟಿ ಅನ್ನೋ ಮಾತಿಗೆ ನಿಜವಾಗಿ ಒಪ್ಪೋ ವಸ್ತು ಇದ್ರೆ ಇದೇ. ನಿಮ್ಮ ವಯಸ್ಸಿಗೆ ಖಂಡಿತ ಹಾಕಿಸ್ಕೊಳಿ, ಜೊತೆಗೆ ರಾಗಿ ಅಂಬಲಿ ಬೆಳ್ಳುಳ್ಳಿ ಸಾರು ಯಾವುದನ್ನೂ ಬಿಡ್ಬೇಡಿ.

ಮೆಡಿಕಲ್ ಶಾಪ್ ಹಾಸನ
ನಾನು ಔಷಧಿ ಅಂಗಡಿಯವನು, ಕೌಂಟರಿನ ಈ ಕಡೆಯಿಂದ ಎರಡು ಮಾತು. ಮಳೆ ಶುರುವಾದ್ರೆ ದಿನಾ ಜನ ಬಂದು ಚೀಟಿ ಇಲ್ದೆ ಅಜಿತ್ರೋಮೈಸಿನ್ ಅನ್ನೋ ಆ್ಯಂಟಿಬಯೋಟಿಕ್ ಮೂರು ಮಾತ್ರೆ ಕೊಡಿ ಅಂತಾರೆ, ಇಲ್ಲ ಅಂದ್ರೆ ಸಿಟ್ಟಾಗ್ತಾರೆ. ವೈರಸ್ಸಿಗೆ ಅದು ಕೆಲಸವೇ ಮಾಡಲ್ಲ. ಸಿಂಬಳ ಹಳದಿ, ಹಸಿರು ಆಯ್ತು ಅಂದ್ರೆ ಬ್ಯಾಕ್ಟೀರಿಯಾ ಅಂತ ಅರ್ಥ ಅಲ್ಲ, ಹೋರಾಡಿದ ಬಿಳಿ ರಕ್ತಕಣಗಳ ಬಣ್ಣ ಅದು. 2023ರಲ್ಲಿ ಐಎಂಎಯವರೇ (ಭಾರತೀಯ ವೈದ್ಯಕೀಯ ಸಂಘ) ಈ ಫ್ಲೂಗೆ ಆ್ಯಂಟಿಬಯೋಟಿಕ್ ಬೇಡ ಅಂತ ವೈದ್ಯರಿಗೆಲ್ಲ ಸೂಚನೆ ಕೊಟ್ಟಿದ್ರು.

ಇನ್ನೊಂದು ಕೆಮ್ಮಿನ ಸಿರಪ್. ಮಧ್ಯಪ್ರದೇಶದ ಛಿಂದ್ವಾಡದಲ್ಲಿ 2025ರಲ್ಲಿ ಕಲಬೆರಕೆ ಸಿರಪ್ ಕುಡಿದು ಕಿಡ್ನಿ ಹೋಗಿ ಎಳೆಮಕ್ಕಳು ಸತ್ತ ಸುದ್ದಿ ಓದಿ ನಮಗೆ ಊಟ ಸೇರ್ಲಿಲ್ಲ. ಅದಾದ್ಮೇಲೆ ಕೇಂದ್ರ ಆರೋಗ್ಯ ಇಲಾಖೆ 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿ ಸಿರಪ್ ಕೊಡ್ಲೇಬಾರ್ದು, 5 ವರ್ಷದ ತನಕ ಸಾಮಾನ್ಯವಾಗಿ ಬೇಡ ಅಂತ ಹೇಳಿದೆ. ವರ್ಷ ತುಂಬಿದ ಮಗುಗೆ ಮಲಗೋ ಮುಂಚೆ ಅರ್ಧ ಚಮಚ ಜೇನು ಕೊಡಿ, ಕೆಮ್ಮು ಹಗುರ ಆಗುತ್ತೆ, ಡಾಕ್ಟ್ರುಗಳೂ ಅದನ್ನೇ ಹೇಳ್ತಾರೆ. ಮನೆಯವರ ಹಳೇ ಬಾಟಲಿ, ಅಣ್ಣನಿಗೆ ಬರೆದುಕೊಟ್ಟ ಔಷಧಿ ತಮ್ಮನಿಗೆ, ಇದು ಮಾತ್ರ ದಯವಿಟ್ಟು ಬೇಡ.

ಬೆಂಗಳೂರು ಬಸವನಗುಡಿ
ವಾಕಿಂಗ್ ಬಗ್ಗೆ ಯಾರೂ ಹೇಳ್ಲಿಲ್ಲ. ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ ಸಾವಿರ ಜನರನ್ನ 12 ವಾರ ನೋಡಿದಾಗ, ವಾರಕ್ಕೆ 5 ದಿನ ಅಥವಾ ಜಾಸ್ತಿ ಬೆವರು ಬರೋ ಹಾಗೆ ಓಡಾಡಿದವರಿಗೆ ನೆಗಡಿ ಇದ್ದ ದಿನಗಳು ಕೂತೇ ಇದ್ದವರಿಗಿಂತ ನೂರಕ್ಕೆ ನಲವತ್ತಕ್ಕೂ ಜಾಸ್ತಿ ಕಮ್ಮಿ ಇದ್ವು ಅಂತ ಓದಿದ್ದೆ. ಮಳೆ ಅಂತ ಲಾಲ್‌ಬಾಗ್ ಬಿಡೋರು ಮನೇಲೇ ಮೆಟ್ಟಿಲು ಹತ್ತಿ ಇಳೀರಿ. ಹಾಗೇ ರೂಮಲ್ಲಿ ಸೊಳ್ಳೆ ಬತ್ತಿ, ಊದುಬತ್ತಿ, ಸಾಂಬ್ರಾಣಿ ಹೊಗೆ ಹಾಕಿ ಬಾಗಿಲು ಮುಚ್ಚೋದನ್ನ ನಿಲ್ಸಿ, ಸೊಳ್ಳೆ ಪರದೆ ಕಟ್ಟಿ. ಬೀಡಿ ಸಿಗರೇಟು ಮನೆಯೊಳಗೆ ಸೇದೋ ಅಪ್ಪಂದಿರು ಇದ್ರೆ ಮಗುವಿನ ಕೆಮ್ಮಿಗೆ ಯಾವ ಕಷಾಯವೂ ತಾಗಲ್ಲ.

ಅಂಗನವಾಡಿ ಟೀಚರ್, ಹಾವೇರಿ
ನಮ್ಮ ಅಂಗನವಾಡ್ಯಾಗ ಮಕ್ಕಳು ಊಟಕ್ಕ ಮುಂಚೆ ಸಾಲಾಗಿ ನಿಂತು ಸೋಪು ಹಚ್ಚಿ ಕೈ ತೊಳೀತಾವ, ಒಂದರಿಂದ ಇಪ್ಪತ್ತರ ತನಕ ಎಣಸ್ಕೋತ, ಅಂಗೈ, ಮುಂಗೈ, ಬೆರಳ ಸಂದಿ, ಉಗುರು. ಸೀನು ಬಂದ್ರ ಮೊಣಕೈ ಮಡಚಿ ಅದರಾಗ ಸೀನಬೇಕಂತ ಕಲಿಸೀವಿ. ಮನ್ಯಾಗೂ ಹಿಂಗ ಮಾಡಸ್ರಿ. ಜ್ವರ ಬಂದ ಕೂಸಿನ ದಯಮಾಡಿ ಕಳಸಬ್ಯಾಡ್ರಿ, ಜ್ವರ ಬಿಟ್ಟು ಒಂದು ದಿನ ಆದಮ್ಯಾಲ ಕಳಸ್ರಿ, ಒಂದು ಕೂಸಿಂದ ಇಡೀ ಕೇಂದ್ರಕ್ಕ ಬರತೈತಿ. ಕೂಲಿ ಹೋಗೋ ತಾಯಂದಿರಿಗೆ ಇದು ಎಷ್ಟು ಕಷ್ಟ ಅಂತ ನನಗ ಗೊತ್ತೈತ್ರಿ, ಆದ್ರೂ ಹೇಳಾಕ ಬೇಕು.

ಮೇಡಂ, ನಿಮಗ ಒಂದು ಕೇಳೋದಿತ್ತು. ನೆಗಡಿ ಯಾವಾಗ ನ್ಯುಮೋನಿಯಾ ಆಗೇತಿ ಅಂತ ತಾಯಂದಿರಿಗೆ ಮನ್ಯಾಗ ಹೆಂಗ ಗೊತ್ತಾಗಬೇಕ್ರಿ?

ಮಕ್ಕಳ ವೈದ್ಯೆ
ಒಳ್ಳೇ ಪ್ರಶ್ನೆ ಟೀಚರ್. ಮಗು ಅಳದೆ, ಹಾಲು ಕುಡಿಯದೆ ಸುಮ್ನೆ ಇರೋವಾಗ ಅಂಗಿ ಮೇಲೆತ್ತಿ ಹೊಟ್ಟೆ-ಎದೆ ನೋಡಿ. ಒಂದು ಸಲ ಏರಿ ಇಳಿದ್ರೆ ಒಂದು ಉಸಿರು. ಗಡಿಯಾರ ಇಟ್ಕೊಂಡು ಪೂರ್ತಿ ಒಂದು ನಿಮಿಷ ಎಣ್ಸಿ, ಅರ್ಧ ನಿಮಿಷ ಎಣ್ಸಿ ಎರಡರಿಂದ ಗುಣಿಸೋದು ಬೇಡ, ಮಕ್ಕಳ ಉಸಿರು ಒಂದೇ ಸಮ ಇರಲ್ಲ. 2 ತಿಂಗಳೊಳಗಿನ ಕೂಸಿಗೆ 60 ಅಥವಾ ಜಾಸ್ತಿ, 2 ತಿಂಗಳಿಂದ ಒಂದು ವರ್ಷದ ತನಕ 50 ಅಥವಾ ಜಾಸ್ತಿ, ಒಂದರಿಂದ 5 ವರ್ಷದ ತನಕ 40 ಅಥವಾ ಜಾಸ್ತಿ ಇದ್ರೆ ಅದೇ ದಿನ ಡಾಕ್ಟರಿಗೆ ತೋರಿಸ್ಬೇಕು. ಜ್ವರ ಮೂರು ದಿನ ದಾಟಿದ್ರೂ, ಬಿಟ್ಟು ಹೋದ ಜ್ವರ ಒಂದೆರಡು ದಿನ ಆದ್ಮೇಲೆ ಕೆಮ್ಮಿನ ಜೊತೆ ಮತ್ತೆ ಬಂದ್ರೂ ತೋರಿಸಿ.

ಉಸಿರು ಎಳೆದಾಗ ಪಕ್ಕೆ ಒಳಕ್ಕೆ ಸೆಳೀತಾ ಇದ್ರೆ, ತುಟಿ ನೀಲಿಯಾದ್ರೆ, ಎದೆಹಾಲು ನೀರು ಏನೂ ಕುಡೀದೆ ಇದ್ರೆ, ಎಬ್ಬಿಸಿದ್ರೂ ಮಂಕಾಗಿ ಮಲಗಿದ್ರೆ, ಫಿಟ್ಸ್ ಬಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರೀನೇ 108ಕ್ಕೆ ಫೋನ್ ಮಾಡಿ ಹೊರಡಿ. ದೊಡ್ಡವರಲ್ಲಿ ಉಬ್ಬಸ, ಎದೆ ನೋವು, ಗೊಂದಲದ ಮಾತು ಕಂಡ್ರೂ ಹಾಗೇ. ಶುಗರ್ ಇರೋ ಹಿರಿಯರಿಗೆ ಫ್ಲೂ ಅನುಮಾನ ಬಂದ ಮೊದಲ ಎರಡು ದಿನದೊಳಗೇ ತೋರಿಸಿ, ಫ್ಲೂ ವೈರಸ್ಸಿಗೆ ಅಂತಲೇ ಇರೋ ಮಾತ್ರೆ ಆ 48 ಗಂಟೆಯೊಳಗೆ ಶುರು ಮಾಡಿದ್ರೆ ಚೆನ್ನಾಗಿ ಕೆಲಸ ಮಾಡುತ್ತೆ. ಈ ಉಸಿರಿನ ಲೆಕ್ಕ ಮೂರನ್ನೂ ಒಂದು ಚೀಟೀಲಿ ಬರೆದು ನಿಮ್ಮ ಕೇಂದ್ರದ ಗೋಡೆಗೆ ಅಂಟಿಸಿ ಟೀಚರ್, ತಾಯಂದಿರ ಸಭೇಲಿ ಒಂದು ಮಗೂನ ಮಲಗಿಸ್ಕೊಂಡು ಅವರ ಕೈಲೇ ಎಣಿಸಿ ತೋರ್ಸಿ.